ಹಾಯಿ ಎಣಿಸಿದರೆ ಸಾಕೇ?

ನಾನು ಹಾಯಿ ಹೊಲಿಯುವವಳು. ದಡದ ಪಕ್ಕದ ಶೆಡ್ಡಿನಲ್ಲಿ ಒಂದು ಉದ್ದನೆಯ ಮೇಜು, ಮೇಣ ಹಚ್ಚಿದ ದಾರ, ದಪ್ಪ ಸೂಜಿ, ಇಷ್ಟೇ ನನ್ನ ಪ್ರಪಂಚ. ಗಾಳಿ ಜೋರಾದ ದಿನ ಕುಳಿತಲ್ಲಿ ಕುಳಿತಿರಲು ನನ್ನಿಂದ ಆಗುವುದಿಲ್ಲ. ನಾಲ್ಕು ಹೊಲಿಗೆ ಹಾಕುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ. ಹನ್ನೊಂದು ವರ್ಷದ ಮಗಳು ನೀರಿನ ಮೇಲಿದ್ದರೆ ಯಾವ ತಾಯಿಗೆ ತಾನೇ ಕೈ ಓಡುತ್ತದೆ?

ಅವಳಿಗೆ ಹಾಯಿದೋಣಿ ಕಲಿಸುವವನು ನನ್ನ ಅಣ್ಣ. ಇಪ್ಪತ್ತೆರಡು ವರ್ಷದಿಂದ ಈ ದಡದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾನೆ. ಗಾಳಿ ನೋಡುವುದರಲ್ಲಿ ಅವನದು ಎತ್ತಿದ ಕೈ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ.

ಆ ಭಾನುವಾರ ಬೆಳಿಗ್ಗೆ ಒಂದು ಕಾಗದ ಹಿಡಿದುಕೊಂಡು ಬುಸುಗುಟ್ಟುತ್ತಾ ಶೆಡ್ಡಿಗೆ ಬಂದ.

"ನೋಡಿದ್ಯಾ ಇದನ್ನ? ರಾಷ್ಟ್ರೀಯ ಹಾಯಿದೋಣಿ ಕಾರ್ಯಕ್ರಮದಲ್ಲಿ ಕಲಿಸ್ಬೇಕು ಅಂದ್ರೆ ಇನ್ಮೇಲೆ ಕೋಚ್‌ಗಳೂ ತರಬೇತಿ ತಗೋಬೇಕಂತೆ. ಪರೀಕ್ಷೆ ಬೇರೆ! ಪಾಸಾದ್ರೆ ಮಾನ್ಯತಾ ಪತ್ರ, ಇಲ್ಲಾಂದ್ರೆ ಮನೆಗೆ ಹೋಗು. ನನ್ನ ತಲೆ ಸುಮ್ನೆ ನರೆತಿದ್ಯಾ?"

ಅವನ ಕೈಯಲ್ಲಿ ಇನ್ನೊಂದು ಕಾಗದವೂ ಇತ್ತು. 'ನಮ್ಮ ಕೋಚ್ ಮೇಲೆ ನಮಗೆ ನಂಬಿಕೆ ಇದೆ, ಮಾನ್ಯತೆಯ ಅಗತ್ಯವಿಲ್ಲ' ಎಂದು ಪೋಷಕರು ಸಹಿ ಹಾಕುವ ಅರ್ಜಿ.

"ಮೊದಲನೇ ಸಹಿ ನಿಂದೇ ಇರ್ಲಿ" ಅಂದ.

ಒಡಹುಟ್ಟಿದವನು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಪೆನ್ನು ಹುಡುಕುತ್ತಿದ್ದೆ, ಅಷ್ಟರಲ್ಲಿ ಸೀಟಿ ಅಕ್ಕ ಒಳಗೆ ಬಂದಳು. ಅವಳು ರಕ್ಷಣಾ ದೋಣಿ ಓಡಿಸುವವಳು. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಎಲ್ಲರ ಬಾಯಲ್ಲೂ ಅದೇ ಹೆಸರು. ಕೋಚ್‌ಗಳ ಈ ಹೊಸ ಮಾನದಂಡ ರೂಪಿಸುವ ಸಭೆಗಳಿಗೆ ಅವಳನ್ನೂ ಕರೆದಿದ್ದರು.

"ಇದನ್ನ ಬರೆದೋರು ಯಾರು? ದೋಣಿ ಅಲ್ಲಾಡಿದ್ರೆ ವಾಂತಿ ಮಾಡ್ಕೊಳೋರು!" ಎಂದು ಅಣ್ಣ ಅವಳ ಮೇಲೆ ಹರಿಹಾಯ್ದ.

"ಅಲ್ಲಪ್ಪ, ನಿನ್ನಂಥ ಕೋಚ್‌ಗಳೇ. ಮೂವತ್ತು ನಲವತ್ತು ಜನ ಸೇರಿದ್ವಿ. ಮೊದಲನೇ ದಿನ ಎಲ್ರಿಗೂ ಒಂದೇ ಪ್ರಶ್ನೆ. ನೀರಿನ ಮೇಲೆ ನೀವು ಮಾಡಿದ ದೊಡ್ಡ ತಪ್ಪು ಯಾವುದು ಅಂತ. ಒಬ್ಬೊಬ್ರೇ ಬಾಯಿ ಬಿಟ್ರು ನೋಡು, ಅವತ್ತು ಯಾರಿಗೂ ಊಟ ಸೇರ್ಲಿಲ್ಲ. ಇದರಲ್ಲಿರೋ ನಿಯಮಗಳು ಬಂದಿದ್ದು ಅಲ್ಲಿಂದ."

"ನನ್ನ ಕೈಲಿ ಇವತ್ತಿನವರೆಗೂ ಒಂದು ಮಗೂಗೂ ಏನೂ ಆಗಿಲ್ಲ."

"ಸಂತೋಷ. ಎಲ್ಲರೂ ವಾಪಸ್ ಬಂದ್ರು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ಹಾಯಿ ಎಣಿಸ್ತೀನಿ. ಹತ್ತು ಹೋದ್ರೆ ಹತ್ತು ಬರ್ಬೇಕು. ನಮ್ಮಪ್ಪನೂ ಹಾಗೇ ಎಣಿಸ್ತಿದ್ರು."

ಸೀಟಿ ಅಕ್ಕ ಏನೋ ಹೇಳಲು ಹೊರಟಳು. ಅಣ್ಣ "ಮಕ್ಕಳು ಕಾಯ್ತಿದಾರೆ" ಎಂದು ಎದ್ದೇಬಿಟ್ಟ. ನಾನು ಸಹಿ ಹಾಕಿ ಕೊಟ್ಟೆ.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಶೆಡ್ಡಿನ ತಗಡು ಬಡಿದುಕೊಳ್ಳತೊಡಗಿತು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಇನ್ನು ಆಗದು ಎಂದು ಹೊಲಿಗೆ ಬಿಟ್ಟು ದಡಕ್ಕೆ ಓಡಿದೆ. ದೋಣಿಗಳು ಒಂದರ ಹಿಂದೆ ಒಂದು ಬಂದು ಮರಳಿಗೆ ತಾಗುತ್ತಿದ್ದವು. ಹಿಂದೆ ತನ್ನ ಮೋಟಾರು ದೋಣಿಯಲ್ಲಿ ಅಣ್ಣ ಬಂದ.

"ಹತ್ತಕ್ಕೆ ಹತ್ತು! ಎಲ್ಲರೂ ಬಂದ್ರು!" ಎಂದು ನನಗೆ ಕೇಳುವಂತೆ ಕೂಗಿದ.

ಮಗಳ ದೋಣಿ ಬಂದಿತ್ತು. ಒಂದೊಂದು ದೋಣಿಗೆ ಇಬ್ಬರು ಮಕ್ಕಳು. ಅವಳ ಜೊತೆಯ ಹುಡುಗಿ ಒಬ್ಬಳೇ ಹಾಯಿ ಇಳಿಸುತ್ತಿದ್ದಳು.

"ಅವಳೆಲ್ಲಮ್ಮ?"

"ತೇಲುಕಟ್ಟೆ ಮೇಲಿದಾಳೆ ಆಂಟಿ. ಅಲ್ಲಿ ಹಗ್ಗ ಸಿಕ್ಕಾಕ್ಕೊಂಡಿತ್ತು, ಬಿಡಿಸು ಅಂತ ಸರ್ ಅವಳನ್ನ ಇಳಿಸಿದ್ರು. ಆಮೇಲೆ ಗಾಳಿ ಬಂತು, ಎಲ್ಲರೂ ಹೊರಡಿ ಅಂದ್ರು. ಸರ್ ಕರ್ಕೊಂಡು ಬರ್ತಾರೆ ಅಂದ್ಕೊಂಡೆ."

ಅವಳು ಗೆಳತಿಯ ಜೊತೆ ಹಾಯಿದೋಣಿಗೇ ವಾಪಸ್ ಹತ್ತಿದ್ದಾಳೆ ಎಂದು ಅಣ್ಣ ಅಂದುಕೊಂಡಿದ್ದ. ತೇಲುಕಟ್ಟೆ ಎಂದರೆ ನೀರಿನ ನಟ್ಟನಡುವೆ ನಾಲ್ಕು ಡ್ರಮ್ಮುಗಳ ಮೇಲೆ ಬಡಿದ ಹಲಗೆ, ಅಷ್ಟೇ. ಸೀಟಿ ಅಕ್ಕ ಆಗಲೇ ಎಂಜಿನ್ ಶುರು ಮಾಡಿದ್ದಳು. ಅಣ್ಣ ಅವಳ ದೋಣಿಯೊಳಕ್ಕೆ ಹಾರಿದ.

ಇಪ್ಪತ್ತು ನಿಮಿಷ. ದಡದ ಮೇಲೆ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ಓಡಾಡಿದೆನೋ! ಅಣ್ಣನಿಗೆ ಶಾಪ ಹಾಕಿದೆ. ಆಮೇಲೆ ನನಗೇ ಹಾಕಿಕೊಂಡೆ.

ಮಗಳು ಬಂದಳು. ತುಟಿ ನೀಲಿಗಟ್ಟಿತ್ತು. ಹಗ್ಗ ಹಿಡಿದು ಬೋರಲು ಮಲಗಿದ್ದಳಂತೆ, ಅಂಗೈ ಸುಲಿದಿತ್ತು. ಅವಳು ಅಳಲಿಲ್ಲ.

"ಮಾವ, ನೀವು ದೂರದಿಂದ ಬೆರಳು ತೋರಿಸಿ ಎಣಿಸ್ತಿದ್ದಿದ್ದು ನಂಗೆ ಕಾಣಿಸ್ತು" ಅಂದಳು. "ನನ್ನನ್ನೂ ಎಣಿಸ್ತಿದೀರ ಅಂದ್ಕೊಂಡೆ."



ಸಂಜೆ ನಮ್ಮ ಮನೆಯಲ್ಲಿ ಅವನು ಕೂರಲಿಲ್ಲ, ನೀರು ಸಹ ಮುಟ್ಟಲಿಲ್ಲ. ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದ. ಕೊನೆಗೆ, ನಮ್ಮ ಜೊತೆಗೇ ಬಂದಿದ್ದ ಸೀಟಿ ಅಕ್ಕನನ್ನು ಕೇಳಿದ:

"ಆ ಮಾನದಂಡದಲ್ಲಿ ಇದಕ್ಕೆ ಏನಿದೆ?"

"ದಡದಲ್ಲಿ ಒಂದು ಹಲಗೆ, ಅದರಲ್ಲಿ ಮಗುವಿಗೊಂದು ಹೆಸರು ಬರೆದ ಬಿಲ್ಲೆ. ನೀರಿಗೆ ಇಳಿಯೋವಾಗ ಮಗು ತನ್ನ ಬಿಲ್ಲೆ ತಗೊಂಡು ಹೋಗ್ಬೇಕು, ಬಂದ್ಮೇಲೆ ತಾನೇ ವಾಪಸ್ ಹಾಕ್ಬೇಕು. ಹಲಗೆ ತುಂಬೋವರೆಗೂ ಯಾರೂ ದಡ ಬಿಡೋ ಹಾಗಿಲ್ಲ. ಎಣಿಸೋದು ತಲೆ, ಹಾಯಿ ಅಲ್ಲ. ಎರಡನೆಯವರೊಬ್ರು ಮತ್ತೆ ನೋಡ್ಬೇಕು. ಇಪ್ಪತ್ತು ಮಕ್ಕಳಿಗೆ ಒಬ್ಬನೇ ಕೋಚ್ ಅನ್ನೋದೂ ನಡೆಯಲ್ಲ."

"ಮತ್ತೆ ಪರೀಕ್ಷೆ?"

"ಪ್ರಥಮ ಚಿಕಿತ್ಸೆ ಇರುತ್ತೆ. ನೀನು ಕಲಿಸೋದನ್ನ ನೀರಿನ ಮೇಲೇ ಬಂದು ನೋಡ್ತಾರೆ. ಮಕ್ಕಳು ನಿನ್ನ ಹತ್ರ ಹೆದರದೆ ಮಾತಾಡ್ತಾರಾ ಅಂತಾನೂ ನೋಡ್ತಾರೆ. ನಿನ್ನ ಇಪ್ಪತ್ತೆರಡು ವರ್ಷ ಎಲ್ಲೂ ಹೋಗಲ್ಲ, ಅದನ್ನೂ ಪರಿಗಣಿಸ್ತಾರೆ."

ಅವನು ಕಿಟಕಿಯ ಹತ್ತಿರ ನಿಂತ. "ಸಭೇಲಿ ಮೊದಲನೇ ದಿನ ಎಲ್ರೂ ತಮ್ಮ ದೊಡ್ಡ ತಪ್ಪು ಹೇಳಿದ್ರು ಅಂದ್ಯಲ್ಲ. ತರಬೇತೀಲಿ ನಾನೂ ಹೇಳ್ತೀನಿ."

ಅರ್ಜಿಯನ್ನು ಅವನೇ ಹರಿದ. ಮಾನ್ಯತೆ ಸಿಗುವವರೆಗೆ ತರಗತಿ ನಿಲ್ಲಿಸಿದ. ಪ್ರಥಮ ಚಿಕಿತ್ಸೆಯಲ್ಲಿ ಮೊದಲ ಸಲ ಫೇಲಾದ! ಮಗಳಿಗೆ ನಗುವೋ ನಗು. ದಿನಾ ಅವಳ ಕೈಗೇ ಬ್ಯಾಂಡೇಜು ಕಟ್ಟಿ ಕಟ್ಟಿ ಅಭ್ಯಾಸ ಮಾಡಿ, ಎರಡನೇ ಸಲ ಪಾಸಾದ. ಈಗ ಇಬ್ಬರು ಕೋಚ್‌ಗಳು, ಎರಡು ಗುಂಪು. ಗಾಳಿ ಬಂದಾಗ ನಾನು ಇವತ್ತಿಗೂ ಕಿಟಕಿಗೆ ಹೋಗುತ್ತೇನೆ, ಆ ಚಡಪಡಿಕೆ ಹೋಗಿಲ್ಲ. ಆದರೆ ಈಗ ಬಿಲ್ಲೆಯ ಹಲಗೆ ನೋಡಿ ಬಂದು ಹೊಲಿಗೆಗೆ ಕೂರುತ್ತೇನೆ.

ಮಕ್ಕಳನ್ನು ನೀರಿಗೆ ಕಳಿಸುವ ಅಮ್ಮಂದಿರೇ, ಅಪ್ಪಂದಿರೇ, ಕೋಚ್‌ಗೆ ಮಾನ್ಯತೆ ಇದೆಯೇ ಎಂದು ಕೇಳಿ. ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು, ವಾಪಸ್ ಬಂದವರನ್ನು ಹೇಗೆ ಎಣಿಸುತ್ತಾರೆ ಎಂದೂ ಕೇಳಿ. ಕೋಚ್‌ಗಳೇ, ಕೇಳಿದವರ ಮೇಲೆ ಮುನಿಸಿಕೊಳ್ಳಬೇಡಿ, ಹತ್ತಿರದ ತರಬೇತಿಗೆ ಹೆಸರು ಕೊಡಿ. ಪರಿಚಯದವರನ್ನು ಹೇಗಪ್ಪಾ ಕೇಳುವುದು ಎಂಬ ಸಂಕೋಚ ನನಗೂ ಇತ್ತು. ಅವನು ನನ್ನ ಸ್ವಂತ ಅಣ್ಣ, ಅದಕ್ಕೇ ನಾನು ಕೇಳಲಿಲ್ಲ.