ಕರೆಯಲು ಬಂದವನು

ಅಂಗಡಿಯವನು ಐದನೆಯ ಸೀರೆ ಬಿಚ್ಚಿ ಹರಡಿದಾಗ ಗಿಡ್ಡಯ್ಯ ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕೆ ಸರಿಸಿದ. ಅರಕಲಗೂಡಿನ ಪೇಟೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಇವನೊಬ್ಬನಿಗಾಗಿ ಅರ್ಧ ಬಾಗಿಲು ತೆಗೆದಿದ್ದ ಅಂಗಡಿಯವನು, ಯಾರಿಗೆ, ಎಷ್ಟು ವಯಸ್ಸು ಎಂದು ಕೇಳಿದ. ಅಕ್ಕನಿಗೆ, ಎಂಬತ್ತರ ಹತ್ತಿರ ಎಂದ ಗಿಡ್ಡಯ್ಯ. ಮಣ್ಣಿಗೆ ಇವತ್ತು ಎಂದು ಸೇರಿಸಿದ. ಅಂಗಡಿಯವನು ಒಳಗಿನಿಂದ ಕೆಂಪಂಚಿನ ಹಳದಿ ಸೀರೆಯೊಂದನ್ನು ತಂದುಕೊಟ್ಟ.

ತೀರಿಹೋದ ಹೆಣ್ಣುಮಗಳಿಗೆ ತವರಿನಿಂದ ಸೀರೆ ಹೋಗಬೇಕು. ಅಣ್ಣನೋ ತಮ್ಮನೋ ಅದನ್ನು ಮೈಮೇಲೆ ಹೊದಿಸಬೇಕು. ಇಲ್ಲದಿದ್ದರೆ ಅವಳು ಹಿಂದುಮುಂದಿಲ್ಲದವಳಾಗಿ ಹೋದ ಲೆಕ್ಕ. ಮಲ್ಲಿಪಟ್ಟಣದ ಕಡೆ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೊಡಕು ಇದ್ದದ್ದು ಬೇರೆ ಕಡೆ. ತೀರಿಹೋಗಿದ್ದ ಮಾರ್ತಕ್ಕ ಡೆನ್ಮಾರ್ಕ್ ದೇಶದವಳು, ಮಿಷನ್ನಿನ ನರ್ಸು. ಅವಳ ಹೆಣ ಹಾಸನದ ಚರ್ಚಿನಲ್ಲಿ ಇತ್ತು.

ಕಾರು ಹಾಸನದ ರಸ್ತೆಗೆ ಬಿದ್ದ ಮೇಲೆ ಮಗ ಮಹೇಶ್ ಬಾಯಿ ಬಿಟ್ಟ.

“ಚರ್ಚಿನೋರು ಒಪ್ದೇ ಓದ್ರೆ ಏನಪ್ಪಾ ಮಾಡೀಯೆ?”

“ಒಪ್ದೇ ಓದ್ರೆ ವಾಪಸ್ ತತ್ತೀನಿ ಕಣ್ಲಾ. ಅಂಗಂತ ತಕಂಡೋಗ್ದೇ ಇರಕ್ಕಾದದಾ?”

ಅವನು ಹೇಳಿದ್ದು ಅಷ್ಟು. ಹೇಳದೆ ಉಳಿಸಿಕೊಂಡದ್ದು ಹೋದ ವರ್ಷದ ಕ್ರಿಸ್‌ಮಸ್ಸಿನ ಸಂಗತಿ. ಅದು ವರ್ಷವಿಡೀ ಅವನನ್ನು ತಿಂದಿತ್ತು. ಈ ಸಲ ಹೋಗಿ ಸರಿಮಾಡಿಕೊಳ್ಳುತ್ತೇನೆ ಎಂದುಕೊಂಡಿದ್ದ. ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಅವಳು ಹೋಗಿಬಿಟ್ಟಳು.

*

ಐವತ್ತೈದು ವರ್ಷದ ಹಿಂದೆ ಮಲ್ಲಿಪಟ್ಟಣದ ದವಾಖಾನೆಗೆ ಬಂದಾಗ ಮಾರ್ತಾಳಿಗೆ ಇಪ್ಪತ್ತನಾಲ್ಕು. ಬಂದು ಎರಡು ತಿಂಗಳಿಗೇ ಕ್ರಿಸ್‌ಮಸ್. ಹಾಸನದಿಂದ ಮಿಷನ್ನಿನ ಜೀಪು ಬಂದು ಕರೆದೊಯ್ಯುತ್ತದೆ, ಅಲ್ಲಿ ತನ್ನ ಭಾಷೆ ಆಡುವ ಇಬ್ಬರಾದರೂ ಸಿಗುತ್ತಾರೆ ಎಂದು ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದಳು. ಜೀಪು ದಾರಿಯಲ್ಲಿ ಕೆಟ್ಟು ನಿಂತದ್ದು ಅವಳಿಗೆ ಹೇಗೆ ತಿಳಿಯಬೇಕು?

ಹೊಲದಿಂದ ಅವರೆಕಾಯಿ ಕಿತ್ತುಕೊಂಡು ಮಗ ಗಿಡ್ಡಯ್ಯನ ಜೊತೆ ಬರುತ್ತಿದ್ದ ಕಲ್ಲಮ್ಮನ ಕಣ್ಣಿಗೆ ಅವಳು ಬಿದ್ದಾಗ ಹೊತ್ತು ನೆತ್ತಿಗೇರಿತ್ತು. ಹೊಸ ಫ್ರಾಕು, ಪಕ್ಕದಲ್ಲಿ ಪೆಟ್ಟಿಗೆ, ಅತ್ತು ಕೆಂಪಾದ ಮುಖ. ಏನಾಯಿತೆಂದು ಕೇಳಿದರೆ, ತನಗೆ ಬರುತ್ತಿದ್ದ ಹತ್ತಿಪ್ಪತ್ತು ಕನ್ನಡ ಮಾತುಗಳಲ್ಲಿ ಹುಡುಕಿ, ಹಬ್ಬ, ಅಮ್ಮ, ಬರಲಿಲ್ಲ ಎಂದಳು. ಕಲ್ಲಮ್ಮ ಕ್ರಿಸ್‌ಮಸ್ ಎಂಬುದನ್ನು ಕೇಳಿದವಳೇ ಅಲ್ಲ. ಆದರೆ ಹಬ್ಬದ ದಿನ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ಕೂತು ಅಳುವ ಹೆಣ್ಣನ್ನು ಅವಳು ಬೇಕಾದಷ್ಟು ನೋಡಿದ್ದಳು. ತವರಿನಿಂದ ಕರೆಯಲು ಯಾರೂ ಬಂದಿಲ್ಲ, ಇನ್ನೇನು?

“ಕರಿಯಕ್ಕೆ ಒಂದ್ ನರಪಿಳ್ಳೆನೂ ಬಂದಿಲ್ವಲ್ಲಾ ಇವ್ಳ್ಗೆ. ಎತ್ಕಳ್ಲಾ ಪೆಟ್ಗೆಯ. ನಡಿ ಮನೆಗೆ.”

ಹದಿನಾಲ್ಕರ ಗಿಡ್ಡಯ್ಯ ಪೆಟ್ಟಿಗೆ ಹೊತ್ತ. ಜೀಪು ಊರಾಚೆ ನಿಂತಿರಬೇಕು, ಇವರನ್ನು ಕಳಿಸಿದ್ದಾರೆ ಎಂದುಕೊಂಡು ಮಾರ್ತಾ ಹೊರಟಳು. ನಡೆದೂ ನಡೆದೂ ನೋಡಿದರೆ ಎದುರಿಗೆ ನಾಡಹೆಂಚಿನ ಮನೆ, ಎರಡು ಎಮ್ಮೆ. ತಪ್ಪು ಗೊತ್ತಾಗಿ ಮೊದಲು ನಕ್ಕಳು, ಆಮೇಲೆ ಅಲ್ಲೇ ಕೂತು ಜೋರಾಗಿ ಅತ್ತಳು. ಕಲ್ಲಮ್ಮ ಅವಳನ್ನು ಅಳಲು ಬಿಟ್ಟು ಹಿತಕಿದ ಬೇಳೆ ಸಾರಿಗೆ ಒಲೆ ಹಚ್ಚಿದಳು. ಮುದ್ದೆ ನುಂಗಲು ಬಾರದೆ ಅಗಿಯುತ್ತ ಕೂತವಳನ್ನು ನೋಡಿ ಮನೆಮಂದಿಯೆಲ್ಲ ನಕ್ಕರು, ಅವಳೂ ನಕ್ಕಳು. ಸಂಜೆ ಕಳಿಸುವಾಗ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂದು ಫ್ರಾಕಿನ ಮಡಿಲಿಗೇ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ಮಡಿಲು ತುಂಬಿದ ಮೇಲೆ ಮನೆಮಗಳಲ್ಲ ಎನ್ನಲಾಗುತ್ತದೆಯೇ?

ಮರುವರ್ಷ ಜೀಪು ಸರಿಯಾಗಿಯೇ ಬಂತು. ಅದಕ್ಕಿಂತ ಮುಂಚೆ ಗಿಡ್ಡಯ್ಯ ಹೋಗಿ ನಿಂತಿದ್ದ. ಆಮೇಲೆ ಅವಳಿಗೆ ಹೊಳೆನರಸೀಪುರಕ್ಕೆ, ಚನ್ನರಾಯಪಟ್ಟಣಕ್ಕೆ, ಕೊನೆಗೆ ಹಾಸನಕ್ಕೆ ವರ್ಗವಾಯಿತು. ಇವನು ಸೈಕಲ್ಲಿನಲ್ಲಿ, ಬಸ್ಸಿನಲ್ಲಿ, ಮಗನ ಕಾರಿನಲ್ಲಿ ಹೋದ. ಕಲ್ಲಮ್ಮ ಸತ್ತ ವರ್ಷವೂ ಹೋದ. ಬೆಳಗಿನ ಆರಾಧನೆ ಮುಗಿದ ಕೂಡಲೇ ಇಬ್ಬರೂ ಊರಿಗೆ ಹೊರಡುವುದು. ಹೀಗೆ ಐವತ್ತನಾಲ್ಕು ಕ್ರಿಸ್‌ಮಸ್ ಕಳೆದವು. ಐವತ್ತೈದನೆಯದಕ್ಕೆ ಅವನು ಹೋಗಲಿಲ್ಲ.

*

ಚರ್ಚಿನ ಒಳಗೆ ಹಬ್ಬಕ್ಕೆಂದು ಕಟ್ಟಿದ್ದ ಕಾಗದದ ನಕ್ಷತ್ರಗಳನ್ನು ಹಾಗೆಯೇ ಬಿಟ್ಟಿದ್ದರು. ಮಾರ್ತಕ್ಕ ಬಿಳಿ ಬಟ್ಟೆಯಲ್ಲಿ ಮಲಗಿದ್ದಳು. ಮುಖ ಬಹಳ ಸಣ್ಣದಾಗಿತ್ತು. ಜನ ಒಬ್ಬೊಬ್ಬರಾಗಿ ಬಂದು ನೋಡಿ, ಇವರು ಹಾಕಿದ ಸೂಜಿ ನೋಯುತ್ತಿರಲಿಲ್ಲ ಎಂದೋ, ಬೈಗುಳ ಮಾತ್ರ ನೋಯುತ್ತಿತ್ತು ಎಂದೋ ಮಾತಾಡಿಕೊಳ್ಳುತ್ತಿದ್ದರು. ಹಾಸನದ ಹೆಂಗಸರಿಗೆ ಅವಳ ಬಗ್ಗೆ ಇದಕ್ಕಿಂತ ಹೆಚ್ಚಿಗೆ ಹೇಳುವುದೇನೂ ಇರಲಿಲ್ಲ. ಅವಳು ಗಾಯ ತೊಳೆದಳು, ಪಟ್ಟಿ ಕಟ್ಟಿದಳು, ವಯಸ್ಸಾದಳು.

ಪಾದ್ರಿ ಅರುಣ್‌ಕುಮಾರ್ ಇನ್ನೂ ಚಿಕ್ಕ ವಯಸ್ಸಿನವರು, ಮೃದು ಮನುಷ್ಯ. ಗಿಡ್ಡಯ್ಯನ ಕೈಯಲ್ಲಿದ್ದ ಪೊಟ್ಟಣ ನೋಡಿ ಸಂಕಟಪಟ್ಟರು. ಮಾರ್ತಕ್ಕ ಸಾಯುವ ಮುಂಚೆ ತನ್ನ ಕೈಯಿಂದಲೇ ಬರೆದಿಟ್ಟ ಕಾಗದವೊಂದಿತ್ತು. ಸಾದಾ ಪೆಟ್ಟಿಗೆ, ಬಿಳಿ ಬಟ್ಟೆ, ಹೂವು ಬೇಡ, ಬೇರೆ ಏನನ್ನೂ ಹೊದಿಸುವುದು ಬೇಡ. ಸಭೆಯವರಿಗೆಲ್ಲ ಅದನ್ನು ಓದಿ ಹೇಳಿಯಾಗಿತ್ತು.

“ಅವರ ಕೊನೇ ಮಾತು ಮೀರೋದು ಹೇಗೆ ಗಿಡ್ಡಯ್ಯನವರೇ?” ಎಂದರು.

“ಆಯ್ತು ಬುಡಿ ಸಾ,” ಎಂದ ಗಿಡ್ಡಯ್ಯ. ಜಗಳವಾಡುವ ಧೈರ್ಯ ಅವನಿಗಿರಲಿಲ್ಲ. ಹೋದ ಸಲ ಬಾರದಿದ್ದವನಿಗೆ ಈ ಸಲ ಏನು ಹಕ್ಕು? ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಿರುಗಿದ.

ಇಪ್ಪತ್ತು ವರ್ಷದಿಂದ ಮಾರ್ತಕ್ಕನ ಜೊತೆಯಲ್ಲೇ ಇದ್ದ ನರ್ಸ್ ಪ್ರೇಮಕುಮಾರಿ ಅವನನ್ನು ಬಾಗಿಲಲ್ಲಿ ತಡೆದಳು. ಹೋದ ವರ್ಷ ಯಾಕೆ ಬರಲಿಲ್ಲ ಎಂದು ಮೆಲ್ಲಗೆ ಕೇಳಿದಳು. ಗಿಡ್ಡಯ್ಯ ಮರೆಮಾಚಲಿಲ್ಲ. ಅದಕ್ಕೂ ಹಿಂದಿನ ವರ್ಷ ಕರೆಯಲು ಬಂದಾಗ ಸಭೆಯ ಹಿರಿಯರೊಬ್ಬರು ಅವನನ್ನು ಪಕ್ಕಕ್ಕೆ ಕರೆದು, ವಯಸ್ಸಾದವರು, ಹಬ್ಬದ ದಿನವಾದರೂ ಅವರ ಜನದ ಜೊತೆ ಇರಲಿ, ಪ್ರತಿ ವರ್ಷ ಎಳೆದುಕೊಂಡು ಹೋಗಬೇಡಿ ಎಂದಿದ್ದರು. ಅದು ಅಕ್ಕನದೇ ಮಾತು, ಹೇಳಲಾರದೆ ಅವರ ಬಾಯಲ್ಲಿ ಹೇಳಿಸಿದ್ದಾಳೆ ಎಂದು ಇವನು ತಿಳಿದುಬಿಟ್ಟಿದ್ದ.

ಪ್ರೇಮಕುಮಾರಿ ಅಲ್ಲವೆಂದು ತಲೆಯಾಡಿಸಿದಳು.

“ಅವತ್ತು ಆರಾಧನೆ ಮುಗಿಸಿ ಬಂದು ಬ್ಯಾಗು ಇಟ್ಕೊಂಡು ವರಾಂಡದಲ್ಲಿ ಕೂತ್ರು ಗಿಡ್ಡಣ್ಣ. ಮಧ್ಯಾಹ್ನ ಊಟಕ್ಕೆ ಕರೆದರೆ, ಅಲ್ಲಿ ಹೋಗಿ ಉಣ್ಣಬೇಕು ಅಂದ್ರು. ಫೋನ್ ಮಾಡ್ತೀನಿ ಅಂದೆ, ಬಿಡಲಿಲ್ಲ. ಕರೆಯದೆ ತವರಿಗೆ ಹೋಗಬಾರದು ಪ್ರೇಮಾ, ಅಂದ್ರು. ಕತ್ತಲಾದ ಮೇಲೆ ಎದ್ದು ಬಂದ್ರು.”

ಗಿಡ್ಡಯ್ಯ ಟವಲಿನಿಂದ ಮುಖ ಮುಚ್ಚಿಕೊಂಡ. ಅರವತ್ತೊಂಬತ್ತು ವರ್ಷದ ಗಂಡಸು ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಮಹೇಶನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ.

ಪ್ರೇಮಕುಮಾರಿ ನೇರವಾಗಿ ಪಾದ್ರಿಯ ಹತ್ತಿರ ಹೋದಳು. “ಅಯ್ಯನವರೇ, ಏನೂ ಹೊದಿಸಬೇಡಿ ಅಂತ ಅವರು ಬರೆದಿರೋದು ನಮಗೆ. ತವರಿನವರಿಗಲ್ಲ,” ಎಂದಳು.

ಪಾದ್ರಿ ಕೈಯಲ್ಲಿದ್ದ ಕಾಗದ ನೋಡಿದರು, ಮೊದಲ ಸಾಲಿನಲ್ಲಿ ಕೂತಿದ್ದ ಹಿರಿಯರನ್ನು ನೋಡಿದರು. ಹಿರಿಯರಲ್ಲೊಬ್ಬರು ತಲೆ ತಗ್ಗಿಸಿಕೊಂಡಿದ್ದರು. ಪಾದ್ರಿ ಕಾಗದವನ್ನು ಮಡಿಸಿ ನಿಲುವಂಗಿಯ ಜೇಬಿಗೆ ಹಾಕಿ ಪಕ್ಕಕ್ಕೆ ಸರಿದರು.

ಗಿಡ್ಡಯ್ಯ ಚಪ್ಪಲಿ ಬಿಟ್ಟು ಬಂದು ಸೀರೆಯ ಮಡಿಕೆ ಬಿಡಿಸಿದ. ಇನ್ನೊಂದು ತುದಿಯನ್ನು ಪ್ರೇಮಕುಮಾರಿ ಹಿಡಿದಳು. ಪಾದದಿಂದ ಎದೆಯ ತನಕ ಹೊದಿಸಿ, ನೆರಿಗೆ ಸರಿಮಾಡಿ, ಅವನು ಬಗ್ಗಿ ಕಿವಿಯ ಹತ್ತಿರ ಹೇಳಿದ.

“ಅಕ್ಕಾ, ಓದ್ ಸಲ ಬರ್ನಿಲ್ಲ, ತಪ್ಪಾಯ್ತು. ಈಗ ಕರಿಯಕ್ಕೆ ಬಂದಿವ್ನಿ. ಒರಡು.”

ಆಮೇಲೆ ಅಲ್ಲಿ ನಿಲ್ಲಲಿಲ್ಲ. ಕರೆಯಲು ಬಂದವನು ಹೆಣ್ಣುಮಗಳು ಸಿದ್ಧವಾಗುವ ತನಕ ಹೊರಗೆ ಕಾಯುವುದು ಪದ್ಧತಿ. ಚರ್ಚಿನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತ. ಒಳಗೆ ಕೀರ್ತನೆ ಶುರುವಾಗಿ ಮುಗಿಯಿತು. ಮುಚ್ಚಳಕ್ಕೆ ಮೊಳೆ ಹೊಡೆಯುವ ಸದ್ದು ಕೇಳಿತು. ಆರು ಜನ ಪೆಟ್ಟಿಗೆ ಹೊತ್ತು ಬಾಗಿಲಿಗೆ ಬಂದಾಗ ಅವನು ಎದ್ದು ಪಂಚೆ ಕೊಡವಿಕೊಂಡ. ಶಿಲುಬೆ ಹಿಡಿದವರಿಗಿಂತಲೂ, ಪಾದ್ರಿಗಿಂತಲೂ ಮುಂದೆ, ಒಮ್ಮೆಯೂ ಹಿಂದಿರುಗಿ ನೋಡದೆ, ವಯಸ್ಸಾದವಳು ಜೊತೆಗೆ ಬರುತ್ತಿದ್ದಾಳೆಂದು ನಿಧಾನವಾಗಿ ನಡೆದ.