ದ್ವಾದಶಿಯ ಓಟ

ಸುಭಾಷಿಣಿಯ ಓಟ ನೋಡಿಯೇ ತಿಥಿ ಹೇಳಬಲ್ಲವರೆಂದರೆ ಕಾರ್ಕಳದ ಅಲೆಕ್ಸಾಂಡರ್ ಮಾಸ್ಟ್ರು ಒಬ್ಬರೇ. ಹೈಸ್ಕೂಲಿನಲ್ಲಿ ಅವಳಿಗೆ ಡ್ರಿಲ್ ಕಲಿಸಿದವರು, ಅವಳ ಕಾಲಲ್ಲಿ ದೂರದ ಓಟ ಇದೆಯೆಂದು ಮೊದಲು ಕಂಡವರು, ನಿವೃತ್ತರಾದ ಮೇಲೂ ಸ್ಕೂಟರಿನಲ್ಲಿ ಮಣಿಪಾಲದವರೆಗೆ ಬಂದು ಅವಳನ್ನು ಓಡಿಸುತ್ತಿದ್ದವರು. ಇಂದ್ರಾಳಿಯ ಏರು ಹತ್ತಿ ಬರುವ ಶಿಷ್ಯೆಯನ್ನು ಮೇಲೆ ನಿಂತು ನೋಡುತ್ತ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದರು:

"ಎಂತ ಸುಭಾಷಿಣಿ, ಇವತ್ತು ದ್ವಾದಶಿಯಾ?"

"ಹೌದು ಸರ್."

"ದೂರದಿಂದಲೇ ಗೊತ್ತಾಯ್ತು. ಅದು ಓಟ ಅಲ್ಲ ಮಾರಾಯ್ತಿ, ಗಬ್ಬದ ಎಮ್ಮೆ ಗುಡ್ಡ ಹತ್ತುವುದು."

ಅವಳ ಗಂಡನ ಮನೆ ಅಲೆವೂರಿನಲ್ಲಿ. ಏಕಾದಶಿಯ ದಿನ ಅಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಅತ್ತೆ ಪ್ರಭಾವತಮ್ಮ ನೀರನ್ನೂ ಮುಟ್ಟುತ್ತಿರಲಿಲ್ಲ. ಓಡುವವಳೆಂದು ಸೊಸೆಗೆ ಮಾತ್ರ ಹಾಲು, ಬಾಳೆಹಣ್ಣಿನ ರಿಯಾಯಿತಿ. ಮರುದಿನ ದ್ವಾದಶಿ, ಬೆಳಕು ಹರಿಯುವ ಮೊದಲೇ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಬಿಸಿ ಅನ್ನ, ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹೆಸರುಬೇಳೆಯ ಪಾಯಸ. "ಓಡುವವಳು ನೀನು, ಇನ್ನೊಂದು ಸೌಟು" ಎನ್ನುತ್ತಲೇ ಪಾಯಸ ಎಲೆಗೆ ಬೀಳುತ್ತಿತ್ತು. ಎಲ್ಲರೂ ಉಂಡು ಎದ್ದ ಮೇಲೆಯೇ ಅತ್ತೆ ತಮಗೆ ಎಲೆ ಹಾಕಿಕೊಳ್ಳುತ್ತಿದ್ದರು. ಹಿಂದಿನ ದಿನವಿಡೀ ಬಾಯಿ ಒಣಗಿಸಿಕೊಂಡು ನಿಂತ ಆ ಜೀವದ ಎದುರು ಬೇಡವೆನ್ನುವುದು ಹೇಗೆ? ಸುಭಾಷಿಣಿ ಬೇಗ ಬೇಗ ಉಣ್ಣುತ್ತಿದ್ದಳು. ಆಮೇಲೆ ಆ ಪಾಯಸವನ್ನೆಲ್ಲ ಹೊತ್ತು ಇಂದ್ರಾಳಿ ಹತ್ತುತ್ತಿದ್ದಳು.

ಬೇಡವೆನ್ನದಿರಲು ಇನ್ನೂ ಒಂದು ಕಾರಣವಿತ್ತು. ಎಪ್ಪತ್ತೈದನೆಯ ಇಸವಿಯಲ್ಲಿ ಮದುವೆಯ ಮಾತುಕತೆಯಾಗುವಾಗ, ಹುಡುಗಿ ಚಡ್ಡಿ ಹಾಕಿಕೊಂಡು ಮಾರ್ಗದಲ್ಲಿ ಓಡುತ್ತಾಳಂತೆ ಎಂದು ನೆಂಟರು ಮೂಗು ಮುರಿದಿದ್ದರು. ಆಗ ಪ್ರಭಾವತಮ್ಮ, "ಓಡಲಿ. ಓಡಿ ಬರುವುದು ನಮ್ಮ ಮನೆಗೇ ಅಲ್ವಾ?" ಎಂದಿದ್ದರು. ಆ ಒಂದು ಮಾತಿನ ನೆರಳಿನಲ್ಲಿ ಸುಭಾಷಿಣಿ ಇಷ್ಟು ವರ್ಷ ತಂಪಾಗಿ ಬಾಳಿದ್ದಳು. ಬೇರೆ ಮನೆಗಳ ಹೆಂಗಸರಿಗೆ ಸಿಗದ್ದು ತನಗೆ ಸಿಕ್ಕಿದೆಯೆಂಬ ಅರಿವು ಅವಳನ್ನು ಸುಖಿಯಾಗಿಯೂ ಮಾಡಿತ್ತು, ಮೂಕಿಯಾಗಿಯೂ ಮಾಡಿತ್ತು.

ಎಂಬತ್ತನಾಲ್ಕರಲ್ಲಿ ಮಾತಾಡಲೇಬೇಕಾದ ದಿನ ಬಂತು. ಮಣಿಪಾಲದ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಓಟದಿಂದ. ರಾಜ್ಯ ತಂಡದಲ್ಲಿ ಇರುವವರೆಗೆ ಬೆಳಗ್ಗೆ ತಡವಾಗಿ ಬರಬಹುದು, ಓಟಗಳಿಗೆ ರಜೆಯೂ ಉಂಟು. ಈ ವರ್ಷ ತಂಡಕ್ಕೆ ಆಯ್ಕೆಯಾಗದಿದ್ದರೆ ಆ ಸೌಲಭ್ಯ ನಿಲ್ಲುತ್ತದೆ, ಎಲ್ಲರಂತೆ ಬೆಳಗ್ಗೆಯೇ ಕೌಂಟರಿನಲ್ಲಿ ಕೂರಬೇಕು ಎಂದು ಮ್ಯಾನೇಜರು ಮೆತ್ತಗೆ ತಿಳಿಸಿದ್ದರು. ಮೂವತ್ತು ದಾಟಿದವಳು ಒಮ್ಮೆ ಕೂತರೆ ಮತ್ತೆ ಎದ್ದು ಓಡುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಆಯ್ಕೆಯ ಓಟ ಕಾಪುವಿನಿಂದ ಮಣಿಪಾಲಕ್ಕೆ, ಒಂದು ಭಾನುವಾರ. ಮೊದಲ ಮೂವರಿಗೆ ತಂಡದಲ್ಲಿ ಜಾಗ.

ಓಟ ಮುಗಿಸಿ ಚಹಾಕ್ಕೆ ಕೂತ ಹೋಟೆಲಿನಲ್ಲಿ ಸುದ್ದಿ ಕೇಳಿದ್ದೇ ಮಾಸ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿ ಹಣೆ ಚಚ್ಚಿಕೊಂಡರು. "ದ್ವಾದಶಿ! ನಿನ್ನ ಅತ್ತೆಗೆ ಹೇಳು. ಇಲ್ಲದಿದ್ರೆ ನಾನೇ ಬಂದು ಹೇಳ್ತೇನೆ."

"ಬೇಡ ಸರ್, ನಾನೇ ಹೇಳ್ತೇನೆ" ಎಂದವಳು ಮೊದಲು ಹಿಡಿದದ್ದು ಗಂಡ ಕೃಷ್ಣರಾಜನನ್ನು.

"ಅಮ್ಮನಿಗೆ ನೀವು ಒಂದು ಮಾತು ಹೇಳಿ."

ಕೃಷ್ಣರಾಜ ತನ್ನ ಹೊಟ್ಟೆ ತಟ್ಟಿಕೊಂಡ. "ಬೇಡ ಅಂತ ಹೇಳ್ಲಿಕ್ಕೆ ನನಗೆ ಬರುತ್ತಿದ್ರೆ ಇದು ಇಷ್ಟು ಬೆಳೆಯುತ್ತಿತ್ತಾ?"

ದಿನಗಳು ಹೋದವು. ಭಾನುವಾರದ ಮುಂಜಾವ ಅಡಿಗೆಮನೆಯಿಂದ ತುಪ್ಪದ, ಏಲಕ್ಕಿಯ ಪರಿಮಳ ಬಂದಾಗಲೂ ಅವಳು ಹೇಳಿರಲಿಲ್ಲ. ಗಂಡನ ಪಕ್ಕ ಎಲೆಯ ಮುಂದೆ ಕುಳಿತಳು. ಅತ್ತೆಯ ಒಣಗಿದ ತುಟಿ ನೋಡಿದಳು. ಸೌಟು ತನ್ನತ್ತ ಬಂದಾಗ, ಯೋಚಿಸುವ ಮೊದಲೇ ಎರಡೂ ಕೈಗಳು ಎಲೆಯನ್ನು ಮುಚ್ಚಿದ್ದವು.

"ಬೇಡ ಅತ್ತೆ."

"ಎಂತ ಬೇಡ? ಅನ್ನವಾ, ಪಾಯಸವಾ?"

"ಎಲ್ಲವೂ. ಪಾರಣೆ ಉಂಡು ನನಗೆ ಓಡ್ಲಿಕ್ಕೆ ಆಗುವುದಿಲ್ಲ. ಇವತ್ತು ಅಂತ ಅಲ್ಲ. ಯಾವತ್ತೂ ಆಗ್ಲಿಲ್ಲ."

ಪ್ರಭಾವತಮ್ಮ ಸೌಟನ್ನು ಪಾತ್ರೆಗಿಟ್ಟರು. "ಮತ್ತೆ ಇಷ್ಟು ವರ್ಷ ಯಾಕೆ ಉಂಡದ್ದು?"

"ನೀವು ಬಡಿಸಿದಿರಿ. ನಾವು ಉಂಡು ಏಳದೆ ನೀವು ಕೂರುವುದಿಲ್ಲ. ಬಾಯಿಗೆ ನೀರೂ ಇಲ್ಲದೆ ನಿಂತಿರ್ತೀರಿ."

"ಅಯ್ಯೋ ಹುಡುಗಿ!" ಅತ್ತೆ ಗೋಡೆಗೆ ಒರಗಿ ಕುಳಿತೇಬಿಟ್ಟರು. "ನಾನು ಕತ್ತಲೆಗೆ ಎದ್ದು ಇಷ್ಟೆಲ್ಲ ಬೇಯಿಸುವುದು ನಿನಗಾಗಿ! ಬೆಳಗಾದರೆ ಓಡ್ಲಿಕ್ಕೆ ಹೋಗುವವಳು, ಹಸಿದು ಹೋಗ್ಬಾರದು ಅಂತ. ನನಗೆ ಎಂತ? ಒಂದು ಉದ್ಧರಣೆ ತೀರ್ಥ ತಕೊಂಡ್ರೆ ಪಾರಣೆ ಆಯ್ತು. ನೀನು ಈ ಮನೆಗೆ ಬರುವ ಮೊದಲು ಹಾಗೆಯೇ ಮಾಡಿ ಮತ್ತೆ ಹೋಗಿ ಮಲಗ್ತಿದ್ದೆ. ಊಟ ಎಲ್ಲ ಬಿಸಿಲು ಬಂದ ಮೇಲೆ. ಇವನಿಗೆ ಗೊತ್ತುಂಟಲ್ಲ!"

ಇಬ್ಬರೂ ಕೃಷ್ಣರಾಜನ ಕಡೆಗೆ ತಿರುಗಿದರು. ಅವನು ಎಲೆಯಿಂದ ತಲೆ ಎತ್ತಲಿಲ್ಲ.

"ನನಗೆ ಪಾಯಸ ಅಂದ್ರೆ ಇಷ್ಟ ಅಮ್ಮ" ಎಂದ.

ಅತ್ತೆ ಸೊಸೆಯರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪ್ರಭಾವತಮ್ಮ ಅವಳ ಅಂಗೈಗೆ ತುಳಸಿಯ ತೀರ್ಥ ಹಾಕಿದರು, ತಾವೂ ಕುಡಿದರು. "ನನ್ನ ಸೊಂಟವೂ ಉಳಿಯಿತು ಇನ್ನು" ಎಂದರು.

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರಿನ ಸದ್ದಾಯಿತು. ಅತ್ತೆ ಜಗಲಿಗೆ ಬಂದರು.

"ಮಾಸ್ಟ್ರೇ, ನಿಮಗೆ ಇವತ್ತು ಓಡ್ಲಿಕ್ಕುಂಟಾ?"

"ಇಲ್ಲ ಅಮ್ಮ. ನನ್ನದು ಓಡಿಸುವುದು ಮಾತ್ರ."

"ಹಾಗಾದ್ರೆ ಕೂತ್ಕೊಳ್ಳಿ. ಇವಳ ಪಾಲು ಉಳಿದುಂಟು."

ಮಾಸ್ಟ್ರು ಗಡಿಯಾರ ನೋಡಿದರು, ಎಲೆ ನೋಡಿದರು, ಕುಳಿತರು. ಅವರಿಗೂ ಬೇಡವೆನ್ನಲು ಬರಲಿಲ್ಲ.

ಕಾಪುವಿನಲ್ಲಿ ಸಮುದ್ರದ ಗಾಳಿ ತಣ್ಣಗಿತ್ತು. ಬೆಂಗಳೂರಿನ ಇಬ್ಬರು ತೆಳ್ಳಗಿನ ಹುಡುಗಿಯರು, ಮಡಿಕೇರಿಯ ಒಬ್ಬಳು ಪಿಸ್ತೂಲಿನ ಸದ್ದಾದ ಕೂಡಲೇ ಮುಂದೆ ಹೋದರು. ಸುಭಾಷಿಣಿ ಅವರನ್ನು ಹೋಗಲು ಬಿಟ್ಟಳು. ಕಟಪಾಡಿ ದಾಟಿತು, ಉದ್ಯಾವರದ ಸೇತುವೆ ದಾಟಿತು. ಒಳಗೊಂದು ವಿಚಿತ್ರ ಹಗುರ. ಅದು ಬರೀ ಹೊಟ್ಟೆಯದಲ್ಲವೆಂದು ಅವಳಿಗೆ ಅನಿಸಿತು. ವರ್ಷಗಳಿಂದ ಅತ್ತೆಯ ಪ್ರೀತಿಯನ್ನು ಅವಳು ಒಂದು ಕಟ್ಟಳೆಯೆಂದು ತಿಳಿದು ಉಂಡಿದ್ದಳು. ಅವಳ ಅಂಜಿಕೆಯನ್ನು ಅತ್ತೆ ಹಸಿವೆಂದು ತಿಳಿದು ಬಡಿಸಿದ್ದರು. ಒಂದೇ ಅಡಿಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಇಬ್ಬರು ಹೆಂಗಸರು ಹೀಗೂ ಬದುಕಬಹುದಲ್ಲ ಎಂದುಕೊಂಡಾಗ ಓಡುತ್ತಿದ್ದಂತೆಯೇ ಮತ್ತೆ ನಗು ಬಂತು. ಕಿನ್ನಿಮುಲ್ಕಿಯಲ್ಲಿ ರಿಕ್ಷಾದವನೊಬ್ಬ, "ಅಕ್ಕಾ, ನಗುವುದೆಂತ? ಮುಂದಿನವರು ಹೋಗಿ ಊಟಕ್ಕೆ ಕೂತಾಯ್ತು!" ಎಂದು ಕೂಗಿದ.

ಕುಂಜಿಬೆಟ್ಟು ದಾಟಿ ಏರು ಶುರುವಾದಾಗ ಮಡಿಕೇರಿಯವಳ ಬೆನ್ನು ಕಾಣಿಸಿತು. ಗುಡ್ಡದ ನಾಡಿನ ಹುಡುಗಿ, ಹತ್ತುವುದರಲ್ಲಿ ಕಡಿಮೆಯವಳಲ್ಲ. ಆದರೆ ಈ ಏರಿನ ಪ್ರತಿಯೊಂದು ತಿರುವನ್ನೂ ಸುಭಾಷಿಣಿ ಹೊಟ್ಟೆ ತುಂಬ ಪಾಯಸ ಹೊತ್ತು ಹತ್ತಿದವಳು. ಇಂದು ಕಾಲುಗಳಿಗೆ ಅದೇ ದಾರಿ ಸಪಾಟಾಗಿ ತೋರಿತು. ಇಂದ್ರಾಳಿ ಕಳೆದು ಸ್ವಲ್ಪ ಮೇಲೆ ಅವಳು ಆ ಹುಡುಗಿಯ ಪಕ್ಕಕ್ಕೆ ಬಂದಳು. ಕೆಲವು ಹೆಜ್ಜೆ ಇಬ್ಬರ ಉಸಿರೂ ಜೊತೆಯಾಗಿ ಕೇಳಿತು. ಆಮೇಲೆ ತನ್ನದು ಮಾತ್ರ.

ಮೇಲೆ, ತಮ್ಮ ಮಾಮೂಲು ಜಾಗದಲ್ಲಿ ಮಾಸ್ಟ್ರು ನಿಂತಿದ್ದರು. "ಮೂರನೆಯವಳು! ಬಿಡಬೇಡ!" ಎಂದು ಕೂಗುತ್ತ ಪಂಚೆ ಎತ್ತಿಕಟ್ಟಿ ಮಾರ್ಗದ ಅಂಚಿನಲ್ಲಿ ಅವಳ ಜೊತೆ ಓಡತೊಡಗಿದರು. ಒಂದು ಕೈ ಹೊಟ್ಟೆಯ ಮೇಲೆ, ಮುಖವೆಲ್ಲ ಬೆವರು, ಹೆಜ್ಜೆ ಎತ್ತಿದರೆ ಏಳುವುದಿಲ್ಲ.

ಸುಭಾಷಿಣಿ ತಿರುಗಿ ನೋಡಿದಳು. ಉಸಿರು ಉಳಿಸಿಕೊಳ್ಳಬೇಕಾದ ಹೊತ್ತು. ಆದರೂ ಕೇಳದಿರಲಾಗಲಿಲ್ಲ.

"ಎಂತ ಸರ್, ಇವತ್ತು ದ್ವಾದಶಿಯಾ?"

ಮಾಸ್ಟ್ರು ನಿಂತೇಬಿಟ್ಟರು. ಅವಳು ಮಾತ್ರ ನಿಲ್ಲದೆ ಓಟ ಮುಗಿಯುವ ಸರ್ಕಲಿನ ಕಡೆಗೆ ಹೋದಳು.