ಏಳನೆಯ ಸ್ಲೈಡು

ಸೂಜಿ, ದಾರ, ಅಂಟು, ರಟ್ಟು ಬಿಟ್ಟರೆ ಬೈಂಡರಮ್ಮನಿಗೆ ಬೇರೆ ಪ್ರಪಂಚವಿರಲಿಲ್ಲ. ಮೂವತ್ತು ವರ್ಷ ಅಕ್ಕನ ಎದುರು ಕೂತು ಪುಸ್ತಕ ಹೊಲಿದವಳು. ಅಕ್ಕ ತೀರಿಕೊಂಡು ಎಂಟು ತಿಂಗಳಾದರೂ ಎದುರಿನ ಕುರ್ಚಿಯನ್ನು ಎತ್ತಿಟ್ಟಿರಲಿಲ್ಲ. ಕೆಲಸಕ್ಕೇನೂ ಕಡಿಮೆಯಿಲ್ಲ, ಮಾತಿಗೇ ಬರಗಾಲ.

ಅಷ್ಟರಲ್ಲಿ ಗ್ರಂಥಾಲಯದವರು ಕರೆದರು. ಕೈಕಸುಬಿನವರು ತಲಾ ಹತ್ತು ಸ್ಲೈಡು ತೋರಿಸಿ ತಮ್ಮ ಕೆಲಸ ಪರಿಚಯಿಸಬೇಕು. ಐದು ಜನ ಹೆಸರು ಬರೆಸಿದರೆ ಭಾನುವಾರದ ತರಗತಿಗೆ ಕೋಣೆ ಕೊಡುತ್ತಾರೆ. ವಾರಕ್ಕೊಮ್ಮೆಯಾದರೂ ಮನುಷ್ಯರ ಮುಖ ಕಾಣಬಹುದೆಂದು ಬೈಂಡರಮ್ಮ ಹೂಂ ಅಂದಳು.

ಅಕ್ಕನ ಮಗಳು ಫೋನಿನಲ್ಲೇ ಪಾಠ ಮಾಡಿದಳು. "ಮನೇಲಿ ಒಂದ್ಸಲ ಪೂರ್ತಿ ಮಾತಾಡಿ ನೋಡು ಚಿಕ್ಕಮ್ಮ. ಯಾವ ಸ್ಲೈಡಲ್ಲಿ ಎಷ್ಟು ಹೊತ್ತು ನಿಲ್ತೀಯೋ ಲ್ಯಾಪ್‌ಟಾಪೇ ನೆನಪಿಟ್ಕೊಳ್ಳುತ್ತೆ. ಅಲ್ಲಿ ಹೋದಾಗ ತಾನಾಗೇ ಓಡುತ್ತೆ. ನೀನು ಏನೂ ಮುಟ್ಟೋಕೆ ಹೋಗ್ಬೇಡ, ಪುಣ್ಯ ಬರುತ್ತೆ!"

ಬೈಂಡರಮ್ಮ ಬಾಗಿಲು ಹಾಕಿಕೊಂಡು ಖಾಲಿ ಕುರ್ಚಿಗೇ ಭಾಷಣ ಮಾಡಿದಳು. ಏಳನೆಯ ಸ್ಲೈಡಿನಲ್ಲಿ ಅಕ್ಕನ ಕೈಗಳು ಬಂದವು, ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಂತೆ. ನೋಡುತ್ತಾ ಕೂತುಬಿಟ್ಟಳು. ಎಷ್ಟು ಹೊತ್ತೆಂದು ಅವಳಿಗೆ ಗೊತ್ತಾಗಲಿಲ್ಲ, ಲ್ಯಾಪ್‌ಟಾಪಿಗೆ ಗೊತ್ತಾಯಿತು.

ಗ್ರಂಥಾಲಯದಲ್ಲಿ ಆರು ಸ್ಲೈಡು ಸರಾಗವಾಗಿ ಓಡಿದವು. ಏಳನೆಯದು ಕದಲಲೇ ಇಲ್ಲ. ಹೇಳಬೇಕಾದ್ದು ಮುಗಿಯಿತು, ಕೈಗಳು ಹಾಗೇ ಇದ್ದವು. ಮುಟ್ಟಬೇಡ ಎಂದಿದ್ದಳಲ್ಲ ಹುಡುಗಿ! ಬೈಂಡರಮ್ಮನ ಜೀವ ಬಾಯಿಗೆ ಬಂತು. ಬೇರೆ ದಾರಿ ಕಾಣದೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು.

"ಇವು ನಮ್ಮಕ್ಕನ ಕೈ. ದಾರ ಎಷ್ಟು ಬಿಗಿ ಇರ್ಬೇಕು ಅಂತ ಆ ಹೆಬ್ಬೆರಳಿಗೇ ಗೊತ್ತು. ನಾನು ತಪ್ಪು ಹೊಲಿದ್ರೆ ಬೈಯಲ್ಲ, ಬಿಚ್ಚಿ ಮುಂದೆ ಇಡ್ತಾಳೆ. ಅವಳ ಮುಂದೆ ನಾನ್ಯಾವ ಲೆಕ್ಕ?"

ನಾಲ್ಕು ನಿಮಿಷ ಸಭೆ ಉಸಿರು ಬಿಗಿಹಿಡಿದು ಕೇಳಿತು. ಉಳಿದ ಮೂರು ಸ್ಲೈಡನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಹೆಸರು ಬರೆಸಲು ಐವರು ನಿಂತರು. ಬೈಂಡರಮ್ಮ ಎಣಿಸಿ ನೋಡಿ ಹಿಗ್ಗಿದಳು. ಸಾಲಿನ ಮುಂದಿದ್ದ ಶಾಲೆಯ ಡ್ರಾಯಿಂಗ್ ಮೇಡಂ ಪೆನ್ನು ತೆಗೆದುಕೊಂಡು ಕೇಳಿದರು, "ಅಕ್ಕ ಪ್ರತಿ ವಾರ ಬರ್ತಾರಲ್ವಾ? ನಾವೆಲ್ಲ ಅವರ ಹತ್ರ ಕಲಿಯೋಕೇ ಬಂದಿದ್ದು."

ಅಷ್ಟೆಲ್ಲ ಹೇಳಿದವಳು ಆ ಒಂದು ಮಾತನ್ನು ಹೇಳಿರಲೇ ಇಲ್ಲ. ಈಗ ಹೂಂ ಎಂದರೆ ಕೋಣೆ ಸಿಗುತ್ತದೆ. ಬೈಂಡರಮ್ಮ ಎಂಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು.

"ಅಕ್ಕ ಇಲ್ಲ. ಹೋಗ್ಬಿಟ್ಳು."

ಹಿಂದಿದ್ದವರು ಮುಖ ಮುಖ ನೋಡಿಕೊಂಡರು. ಆಮೇಲೆ ಬರುತ್ತೇವೆಂದು ಒಬ್ಬೊಬ್ಬರಾಗಿ ಜಾರಿಕೊಂಡರು. ಮೇಡಂ ಮಾತ್ರ ತಮ್ಮ ಹೆಸರು ಬರೆದರು, ಹಾಳೆಯಲ್ಲಿ ಇದ್ದದ್ದು ಅದೊಂದೇ. ಒಬ್ಬರಿಗೆಲ್ಲ ಕೋಣೆ ಕೊಡಲಾಗದೆಂದು ಗ್ರಂಥಾಲಯದವರು ಹಾಳೆ ಮಡಿಚಿದರು.

ಮೇಡಂ ಹೋಗಲಿಲ್ಲ. "ನಿಮ್ಮನೆಗೇ ಬಂದು ಕಲೀಲಾ? ಕೂರೋಕೆ ಜಾಗ ಇದೆಯಾ?"

ಬೈಂಡರಮ್ಮ ಲ್ಯಾಪ್‌ಟಾಪ್ ಮುಚ್ಚಿದಳು.

"ಇದೆ," ಅಂದಳು. "ಒಂದು ಕುರ್ಚಿ ಖಾಲಿ ಇದೆ."